ನೀರು ಹೆಪ್ಪುಗಟ್ಟದ ಊರಿಗೆ ಆ ಹಸಿರು ದ್ರವ

ಸ್ವೀಡನ್, ಅಡುಗೆಮನೆ

...ಅಥವಾ ಲೆನ್ನಾರ್ಟ್ ಆ ಮಾತು ಹೇಳಲೇ ಇಲ್ಲವೇನೋ. ಹೇಳಿದ್ದಾನೆ ಎಂದು ನಾನು ಎಷ್ಟು ಸಲ ಜಗಳವಾಡಿದ್ದೇನೆಂದರೆ, ಈಗ ನೆನೆಸಿಕೊಂಡರೆ ಕಾಣುವುದು ಅವನ ಬಾಯಲ್ಲ, ನನ್ನ ಜಗಳ. ಅವನು ಬ್ರೆಡ್ಡು ಕೊಯ್ಯುತ್ತಿದ್ದ. ಕಿಟಕಿಯಾಚೆ ಹಿಮ ಬಿದ್ದಿತ್ತು. ಚಾಕು ಕೆಳಗಿಟ್ಟು, ನಿಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದೇ ಇಲ್ಲವಲ್ಲ, ಹಾಗಾದರೆ ಕೊಳವೆಯಲ್ಲಿ ಬರೀ ನೀರು ಸಾಕು ಎಂದ. ಚಾಕುವಿಗೂ ಹಿಮಕ್ಕೂ ನನ್ನ ಫೋನಿನಲ್ಲಿ ಚಿತ್ರಗಳಿವೆ. ಮಾತಿಗೆ ಇಲ್ಲ.

ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಊರಿನ ನಮ್ಮ ದೊಡ್ಡವ್ವನ ಬಾವಿ ಈಗ ಆ ಒಂದು ಮಾತಿನ ಮೇಲೆ ನಿಂತಿದೆ. ಬಾವಿಯ ನೀರು ಕುಡಿಯಬಹುದೇ, ಬಾರದೇ ಎಂದು ಯಾರೂ ಹೇಳಲಾರದ ಸ್ಥಿತಿ. ಅದಕ್ಕಾಗಿ ಈ ಬರಹ. ಹಿಮದ ವರ್ಣನೆ, ಸರೋವರದ ಮೇಲಿನ ಸೂರ್ಯಾಸ್ತ ಬೇಕಾದವರು ಬೇರೆ ಪ್ರವಾಸ ಕಥನ ಓದಿಕೊಳ್ಳಲಿ. ಅಂಥವನ್ನು ನಾನೂ ಓದಿದ್ದೇನೆ. ಬರೆದವರಿಗೆ ಎಲ್ಲವೂ ಅಷ್ಟು ಚೊಕ್ಕಟವಾಗಿ ಹೇಗೆ ನೆನಪಿರುತ್ತದೋ ನನಗೆ ತಿಳಿಯದು.

ಹೋದವರು ಇಬ್ಬರು. ಒಬ್ಬ ನನ್ನ ದೊಡ್ಡಪ್ಪನ ಮಗ ಭೂಪಾಲಣ್ಣ. ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗ ಮಾಡುವ ಕಾರ್ಖಾನೆ ಅವನದು. ಇನ್ನೊಬ್ಬ ನಾನು, ಕೊಲ್ಲಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು, ಅಂದರೆ ಅವನ ದುಭಾಷಿ. ಸ್ವೀಡನ್ನಿನ ಹಳೆಯ ನೇಕಾರಿಕೆಯ ಊರೊಂದರಲ್ಲಿ ಗಿರಣಿ ಮುಚ್ಚಿದೆ, ಮಗ್ಗಗಳನ್ನು ಮಾರುತ್ತಾರೆ ಎಂದು ಕೇಳಿ ಹೊರಟಿದ್ದೆವು. ನಾವು ತಲುಪುವ ಹೊತ್ತಿಗೆ ಮಗ್ಗಗಳು ಯಾರದೋ ಪಾಲಾಗಿದ್ದವು. ಆ ಗಿರಣಿಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದ ಲೆನ್ನಾರ್ಟನಿಗೆ ಪಾಪ ಅನಿಸಿರಬೇಕು. ತಿರುಗಿ ಹೋಗುವವರೆಗೆ ನಮ್ಮಲ್ಲೇ ಇರಿ ಎಂದು ಊರಾಚೆಯ ತನ್ನ ಮನೆಗೆ ಕರೆದುಕೊಂಡು ಹೋದ.

ಹೊರಗೆ ಮೂಗು ಮರಗಟ್ಟುವ ಚಳಿ. ಒಳಗೆ ಭೂಪಾಲಣ್ಣ ಸ್ವೆಟರು ಕಳಚಿ, ಅಂಗಿ ಕಳಚಿ, ಬರೀ ಬನಿಯನ್ನಿನಲ್ಲಿ ಕೂತ. ಹೊಗೆಯಿಲ್ಲ, ಒಲೆಯಿಲ್ಲ, ಬೂದಿಯಿಲ್ಲ. ಒಲೆ ಎಲ್ಲಿದೆ ಎಂದು ಅವನು ಕಪಾಟಿನ ಹಿಂದೆ, ಮೆಟ್ಟಿಲ ಕೆಳಗೆ ಇಣುಕಿ ನೋಡುತ್ತಿದ್ದ. ಅವನು ಇಣುಕಿದಾಗಲೆಲ್ಲ ಲೆನ್ನಾರ್ಟನ ಹೆಂಡತಿ ಬ್ರಿಟಾ ಬಂದು ಮರ್ಯಾದೆಯಿಂದ ಬಚ್ಚಲಮನೆಯ ಬಾಗಿಲು ತೆರೆದು ತೋರಿಸುತ್ತಿದ್ದಳು.

ಎರಡು ಮುಚ್ಚಳ

ನಮ್ಮದು ಜೈನರ ಮನೆ. ನೀರನ್ನು ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು. ಅಲ್ಲಿಗೆ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಒಂದಿಷ್ಟು ನೀರಿನಲ್ಲಿ ತೊಳೆದು, ಎಲ್ಲಿಂದ ಸೇದಿದ್ದೋ ಅದೇ ಬಾವಿಗೆ ತಿರುಗಿ ಬಿಡಬೇಕು. ಮೇಲಿಂದ ಸುರಿಯುವಂತಿಲ್ಲ, ಬಿದ್ದ ಪೆಟ್ಟಿಗೆ ಸಾಯುತ್ತವೆ. ದೊಡ್ಡವ್ವ ಈ ವಯಸ್ಸಿನಲ್ಲೂ ಪುಟ್ಟ ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿ ನೀರಿನವರೆಗೆ ಇಳಿಸಿ, ಅಲ್ಲಿ ಮೆಲ್ಲಗೆ ಓರೆ ಮಾಡುತ್ತಾಳೆ. ನಾವು ಹೊರಡುವಾಗ ಭೂಪಾಲಣ್ಣನ ಕೈಯಲ್ಲಿ ಹೊಸ ಸೋಸುಬಟ್ಟೆ ಕೊಟ್ಟವಳೂ ಅವಳೇ, ಅವನ ತಾಯಿ.

ಇಚಲಕರಂಜಿಯಲ್ಲಿ ನಳಕ್ಕೆ ಬಾಯಿ ಹಚ್ಚಿ ಕುಡಿಯುವ ಈ ಮನುಷ್ಯ ವಿಮಾನ ಹತ್ತಿದ್ದೇ ಧರ್ಮನಿಷ್ಠನಾದ. ಲೆನ್ನಾರ್ಟನ ಅಡುಗೆಮನೆಯಲ್ಲಿ ನಳದ ಕೆಳಗೆ ಬಟ್ಟೆ ಹಿಡಿದು ಸೋಸತೊಡಗಿದ. ಬ್ರಿಟಾ ಮುಖ ಸಣ್ಣದು ಮಾಡಿಕೊಂಡಳು. ಅವರದು ಸ್ವಂತ ಬಾವಿಯ ನೀರು. ಅದನ್ನು ಅವರು ಹೊಗಳುವುದು ನಮ್ಮವರು ಮನೆಯ ಎಮ್ಮೆಯ ಹಾಲು ಹೊಗಳಿದ ಹಾಗೆ. ಲೋಟವನ್ನು ಬೆಳಕಿಗೆ ಹಿಡಿದು ಕಸ ಹುಡುಕಿದಳು. ಕಸಕ್ಕಲ್ಲ, ಒಳಗಿರುವ ಜೀವಗಳ ಸಲುವಾಗಿ ಎಂದು ನಾನು ಬಿಡಿಸಿ ಹೇಳಿದ ಮೇಲೆ ಓಡಿಹೋಗಿ ಭೂತಗನ್ನಡಿ ತಂದಳು. ಇಬ್ಬರೂ ಬಗ್ಗಿ ನೋಡಿದರು. ಏನೂ ಕಾಣಲಿಲ್ಲ. ಇಬ್ಬರಿಗೂ ನಿರಾಸೆಯಾಯಿತು.

ಕಾಣದಿದ್ದರೇನು, ಬಿಡಬೇಕಲ್ಲ. ಭೂಪಾಲಣ್ಣ ಲೆನ್ನಾರ್ಟನ ದೊಡ್ಡ ಬೂಟು ಮೆಟ್ಟಿ, ಬಟ್ಟೆ ತೊಳೆದ ನೀರಿನ ಲೋಟ ಹಿಡಿದು ಹಿಮದಲ್ಲಿ ಹೊರಟ. ಅಂಗಳದಲ್ಲಿ ಎರಡು ಕಬ್ಬಿಣದ ಮುಚ್ಚಳಗಳಿದ್ದವು. ಒಂದು ಮನೆಯ ಪಕ್ಕದಲ್ಲಿ, ಇನ್ನೊಂದು ದೂರ, ಏರಿನ ಮೇಲೆ. ಚಳಿಯಲ್ಲಿ ದೂರದ್ದಕ್ಕೆ ಯಾರು ಹೋಗುತ್ತಾರೆ? ಹತ್ತಿರದ ಮುಚ್ಚಳದ ಸಂದಿಯಲ್ಲಿ ಲೋಟ ಓರೆ ಮಾಡಿದ. ಒಳಗಿನಿಂದ ನೋಡಿದ ಲೆನ್ನಾರ್ಟ್ ಬರೀ ಅಂಗಿಯಲ್ಲೇ ಓಡಿಬಂದ. ಅದಲ್ಲ, ಅದಲ್ಲ, ಕುಡಿಯುವ ಬಾವಿ ಮೇಲಿನದು, ಇದು ಮನೆಯನ್ನು ಬೆಚ್ಚಗಿಡುವ ಬೋರು ಎಂದ. ಒಲೆ ಎಲ್ಲಿದೆ ಎಂಬುದು ನಮಗೆ ಗೊತ್ತಾದದ್ದು ಹೀಗೆ.

ನೆಲದಾಳಕ್ಕೆ ಬೋರು ಕೊರೆದು ಅದರಲ್ಲಿ ಉದ್ದನೆಯ ಕೊಳವೆ ಇಳಿಸುತ್ತಾರೆ. ಕೊಳವೆಯಲ್ಲಿ ದ್ರವವೊಂದು ಇಳಿದು, ನೆಲದ ಒಳಗಿನ ಶಾಖವನ್ನು ಹೊತ್ತು ಮೇಲೆ ಬರುತ್ತದೆ. ತಳಮನೆಯ ಪೆಟ್ಟಿಗೆಯೊಂದು ಆ ಶಾಖವನ್ನು ಹಿಂಡಿ ಮನೆಗೆ ಕೊಡುತ್ತದೆ. ಫ್ರಿಜ್ಜನ್ನು ಬೋರಲು ಹಾಕಿದ ಹಾಗೆ ಎಂದುಕೊಳ್ಳಿ. ಬೇಸಿಗೆಯಲ್ಲಿ ತಿರುವು ಹಾಕಿದರೆ ಮನೆಯ ಶಾಖವನ್ನೇ ನೆಲಕ್ಕೆ ಇಳಿಸಬಹುದು.

ಕೊಳವೆಯಲ್ಲಿ ಇರುವುದೇನು ಎಂದು ಭೂಪಾಲಣ್ಣ ನನ್ನ ಮೂಲಕ ಕೇಳಿಸಿದ. ಸ್ಪಿರಿಟ್ಟು ಬೆರೆಸಿದ ನೀರು, ಹೆಪ್ಪುಗಟ್ಟಬಾರದಲ್ಲ ಎಂದ ಲೆನ್ನಾರ್ಟ್. ಯಾರೂ ಕುಡಿಯದ ಹಾಗೆ ಅದಕ್ಕೆ ಕಹಿ ಸೇರಿಸಿರುತ್ತಾರಂತೆ. ನಾನು ಕನ್ನಡದಲ್ಲಿ ಹೇಳಿದೆ. ಸ್ಪಿರಿಟ್ಟೆಂದರೆ ನಮ್ಮವರು ಮುಟ್ಟದ ಸೆರೆ. ಭೂಪಾಲಣ್ಣ ಲೋಟ ಕೆಳಗಿಟ್ಟ.

"ತಮ್ಮಾ, ಈ ಮನಿ ತುಂಬ ಸೆರಿ ಹರದಾಡಾಕತ್ತೈತಿ. ನಾವ್ ಇದರಾಗ ಕುಂತ ಉಣ್ಣಾಕತ್ತೀವಿ."

ಆ ಮೇಲೆ ಲೆನ್ನಾರ್ಟ್ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ; ಚೆನ್ನಾಗಿ ನೆನಪಿದೆ ಎಂಬುದೇ ನನ್ನ ಅನುಮಾನಕ್ಕೂ ಕಾರಣ. ನೆರೆಯವರ ಕೊಳವೆ ಒಮ್ಮೆ ಸೋರಿತ್ತಂತೆ. ಸ್ಪಿರಿಟ್ಟನ್ನು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಆದರೆ ತಿನ್ನುವಾಗ ನೀರಿನಲ್ಲಿರುವ ಗಾಳಿಯನ್ನೂ ಮುಗಿಸುತ್ತವೆ. ಅವರ ಬಾವಿ ಒಂದು ಬೇಸಿಗೆ ಪೂರ್ತಿ ನಾರಿತ್ತು. ಬೇರೆ ಕಡೆ ಗ್ಲೈಕಾಲ್ ಹಾಕುತ್ತಾರೆ. ಅದರಲ್ಲಿ ಎರಡು ಬಗೆ: ಒಂದು ತಿನಿಸುಗಳಿಗೂ ಸೇರಿಸುವಂಥದು, ಇನ್ನೊಂದು ಮೂತ್ರಪಿಂಡ ಕೆಡಿಸುವ ವಿಷ. ಡ್ರಮ್ಮಿನಲ್ಲಿದ್ದಾಗ ಎರಡೂ ಒಂದೇ ರೀತಿ ಕಾಣುತ್ತವೆ. ವಿಷದ್ದು ರುಚಿಗೆ ಸಿಹಿ. ಅದಕ್ಕೇ ಇಲ್ಲಿ ಊರಿನ ಕಚೇರಿಗೆ ಮೊದಲು ತಿಳಿಸದೆ ಬೋರು ಕೊರೆಯುವ ಹಾಗಿಲ್ಲ, ಕುಡಿಯುವ ಬಾವಿಯಿಂದ ದೂರ ಕೊರೆಯಬೇಕು. ಕೊಳವೆ, ಪಂಪು ಕೆಡದ ಹಾಗೆ ಬೆರೆಸುವ ಇನ್ನೊಂದು ಮದ್ದಿರುತ್ತದಲ್ಲ, ಅದರಲ್ಲಿ ಏನಿದೆ ಎಂದು ನಾನೇ ಕೇಳಿದೆ. ಭುಜ ಹಾರಿಸಿದ. ಡಬ್ಬಿಯ ಮೇಲೆ ಪರಿಸರಸ್ನೇಹಿ ಎಂದು ಬರೆದಿದೆ, ಒಳಗೇನಿದೆ ಎಂದು ಕಂಪನಿ ಹೇಳುವುದಿಲ್ಲ ಎಂದ. ಸ್ನೇಹಿತ ಯಾರೆಂದು ಹೇಳದ ಸ್ನೇಹ. ನನ್ನ ಸಿಟ್ಟು ಶುರುವಾದದ್ದು ಅಲ್ಲಿ, ಆ ಸಭ್ಯರ ಅಡುಗೆಮನೆಯಲ್ಲಿ.

ಅದೇ ಅಡುಗೆಮನೆ, ಇನ್ನೊಂದು ಸಲ

ನಾನು ಹೇಳುವುದು: ಮರುದಿನ ಬೆಳಿಗ್ಗೆ ಬ್ರೆಡ್ಡು ಕೊಯ್ಯುತ್ತ, ನಿಮ್ಮಲ್ಲಿ ಚಳಿ ಎಷ್ಟು ಎಂದು ಲೆನ್ನಾರ್ಟ್ ಕೇಳಿದ. ಮಾಘದಲ್ಲಿ ಬೆಳಿಗ್ಗೆ ಶಾಲು ಬೇಕಾಗುತ್ತದೆ ಎಂದೆ. ನಕ್ಕ. ಆ ಮಾತು ಹೇಳಿದ. ನಾನು ಕನ್ನಡಕ್ಕೆ ತಿರುಗಿಸಿದೆ. ಭೂಪಾಲಣ್ಣ ಹೂಂ ಅಂದ.

ಭೂಪಾಲಣ್ಣ ಹೇಳುವುದು: ಆ ಬೆಳಿಗ್ಗೆ ನಡೆದದ್ದು ಆಲೂಗಡ್ಡೆಯ ಮಾತು. ನಾವು ನೆಲದೊಳಗಿನ ಗಡ್ಡೆ ತಿನ್ನುವುದಿಲ್ಲ ಎಂದು ದುಭಾಷಿಯಾದ ನಾನು ಬ್ರಿಟಾಳಿಗೆ ತಿಳಿಸುತ್ತಿದ್ದೆ, ಅವಳು ಹಾಗಾದರೆ ಇವರಿಗೆ ಏನು ಹಾಕಲಿ ಎಂದು ಗಂಡನನ್ನು ನೋಡುತ್ತಿದ್ದಳು. ಬರೀ ನೀರಿನ ಮಾತು ಬಂದದ್ದು ವಿಮಾನದಲ್ಲಿ, ಅದೂ ನನ್ನ ಬಾಯಿಂದ, ಅದೂ ಭೂಪಾಲಣ್ಣ ಅರೆನಿದ್ದೆಯಲ್ಲಿದ್ದಾಗ.

ಮೂರನೆಯದೂ ಒಂದಿದೆ. ಬ್ರಿಟಾ ಹೇಳಿರಬಹುದು. ನಾನು ಗಂಡಸಿನ ಬಾಯಲ್ಲಿ ಇಟ್ಟಿರಬಹುದು.

ಭೂಪಾಲಣ್ಣನಿಗೆ ಮರೆವು ಅನುಕೂಲ, ನನಗೆ ನೆನಪು ಅನುಕೂಲ. ಆದರೆ ಒಂದಕ್ಕೆ ಯಾರ ನೆನಪೂ ಬೇಕಾಗಿಲ್ಲ. ಗಡಹಿಂಗ್ಲಜದಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಇದನ್ನು ತಿಳಿಯಲು ಸ್ವೀಡನ್ನಿಗೆ ಹೋಗಬೇಕೆ?

ಇಚಲಕರಂಜಿ

ನಮ್ಮ ಕಡೆ ಕಾರ್ಖಾನೆಯವರಿಗೆ ಒಂದು ಅಭಿಮಾನವಿದೆ. ಯಾವ ದೇಶದ ಯಂತ್ರವನ್ನಾದರೂ ತಂದು ಎದುರಿಗಿಡಿ, ಅದರಂಥದೇ ಇನ್ನೊಂದು ಮಾಡಿ ಕೊಡುತ್ತೇವೆ. ಸುಳ್ಳಲ್ಲ, ಕೊಡುತ್ತಾರೆ. ನಕ್ಷೆ ಬೇಡ, ಸ್ಯಾಂಪಲ್ಲು ಸಾಕು. ಭೂಪಾಲಣ್ಣನ ಕಾರ್ಖಾನೆಗೆ ಒಮ್ಮೆ ಹೊರದೇಶದ ಮಗ್ಗದ ಕಾಲು ಬಂದಿತ್ತು. ಅದು ಯಾವಾಗಲೋ ಬಿರುಕು ಬಿಟ್ಟು, ಅಲ್ಲಿಯ ಯಾರೋ ಬೆಸುಗೆ ಹಾಕಿದ್ದರು. ಇವನು ಎರಕ ಹೊಯ್ಯಿಸಿದ ಪ್ರತಿಯೊಂದು ಕಾಲಿನಲ್ಲೂ ಆ ಬೆಸುಗೆಯ ಗಂಟು ಇತ್ತು. ನಾನು ನಕ್ಕಾಗ ಅವನು ಗಂಭೀರವಾಗಿ ಹೇಳಿದ, "ಅದು ಯಾಕ ಇಟ್ಟಾರೋ ಏನೋ. ನಾವ್ಯಾಕ ತಗೀಬೇಕು?"

ಲೆನ್ನಾರ್ಟನ ತಳಮನೆಯನ್ನೂ ಅವನು ಅದೇ ಕಣ್ಣಿನಿಂದ ನೋಡಿದ್ದ. ಟೇಪು ಹಿಡಿದು ಅಳೆದಿದ್ದ, ಪ್ರತಿ ವಾಲ್ವಿನ ಫೋಟೊ ತೆಗೆದಿದ್ದ. ತಿರುಗಿ ಬಂದವನೇ ನೂಲದ ಹೊಲದಲ್ಲಿ, ಗಡಹಿಂಗ್ಲಜದ ರಸ್ತೆಗೆ ತಾಗಿ, ಮಂಗಲ ಕಾರ್ಯಾಲಯ, ಅಂದರೆ ಮದುವೆಯ ಛತ್ರ, ಕಟ್ಟಿಸಲು ಶುರುಮಾಡಿದ. ಬೇಸಿಗೆಯ ಲಗ್ನಕ್ಕೆ ತಂಪು ಸಭಾಂಗಣ, ಬೆಳಗಿನ ಹೊತ್ತು ಬೀಗರ ಸ್ನಾನಕ್ಕೆ ಬಿಸಿನೀರು, ಎರಡೂ ನೆಲದಿಂದ. ಸೀಮೆಯಲ್ಲಿ ಯಾರ ಹತ್ತಿರವೂ ಇಲ್ಲದ್ದು. ನಾನು ಕೊಲ್ಲಾಪುರದಲ್ಲಿ ಪಾಠ ಮಾಡಿಕೊಂಡಿದ್ದೆ. ಫೋನಿನಲ್ಲಿ ಬೋರು ಬಿತ್ತು, ಕೊಳವೆ ಇಳಿಯಿತು ಎಂಬ ಸುದ್ದಿ ಬರುತ್ತಿತ್ತು.

ಸ್ಯಾಂಪಲ್ಲಿನಲ್ಲಿ ದ್ರವವಿತ್ತು, ಆದ್ದರಿಂದ ಇಲ್ಲಿಯೂ ದ್ರವ ಬೇಕು. ಆದರೆ ಅಲ್ಲಿದ್ದದ್ದು ಸ್ಪಿರಿಟ್ಟು. ದೊಡ್ಡವ್ವನ ಹೊಲದ ಒಡಲಿಗೆ ಸೆರೆ ಇಳಿಸುವುದೇ? ಇಡೀ ಯಂತ್ರದಲ್ಲಿ ಅವನು ಬದಲಿಸಿದ್ದು ಇದೊಂದನ್ನೇ. ರಾಸಾಯನಿಕ ಮಾರುವವನೊಬ್ಬ, ಸೆರೆ ಬೇಡವಾದರೆ ಇದನ್ನು ಹಾಕಿ ಎಂದು ಗ್ಲೈಕಾಲಿನ ನೀಲಿ ಡ್ರಮ್ಮುಗಳನ್ನು ಕಳಿಸಿದ. ಯಾವ ಬಗೆಯದು ಎಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ವಾಹನಗಳ ರೇಡಿಯೇಟರಿಗೆ ಹಾಕುವ ಆ ಹಸಿರು ದ್ರವವೇ ಅದು. ಮಣ್ಣು ಬೇಗ ಅರಗಿಸಿಕೊಳ್ಳುವ, ವಿಷ ಕಡಿಮೆಯಿರುವ ಸ್ಪಿರಿಟ್ಟನ್ನು ಧರ್ಮಕ್ಕಾಗಿ ದೂರ ಇಟ್ಟು, ಸಿಹಿಯಾದ ವಿಷವನ್ನು ಧರ್ಮಕ್ಕಾಗಿ ಬರಮಾಡಿಕೊಂಡ. ನೀರಿನೊಳಗಿನ ಕಾಣದ ಜೀವಕ್ಕೆ ಪೆಟ್ಟಾಗಬಾರದೆಂದು ಹಗ್ಗ ಇಳಿಸುವ ತಾಯಿಯ ಮಗ.

ಗಡಹಿಂಗ್ಲಜದ ರಸ್ತೆ

ಮೊದಲ ಲಗ್ನಕ್ಕೆ ಹೋದೆ. ಬೀಗರು ಕಾರ್ಯಾಲಯದ ಬಾಗಿಲು ದಾಟಿದವರೇ ಆಹಾ ಎಂದು ನಿಲ್ಲುತ್ತಿದ್ದರು. ಚಂದಗಡದ ಕಡೆಯ ಹಿರಿಯರೊಬ್ಬರು, ಇಲ್ಲಿ ನಮ್ಮ ಘಾಟಿನ ಗಾಳಿ ಕಟ್ಟಿಹಾಕಿದ್ದೀರಿ ಎಂದರು. ಭೂಪಾಲಣ್ಣ ರೇಷ್ಮೆ ಪೇಟ ಸುತ್ತಿಕೊಂಡು ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು ಯಂತ್ರ ತೋರಿಸುತ್ತಿದ್ದ. ನನ್ನನ್ನೂ ಕರೆದೊಯ್ದ. ಯಂತ್ರದ ಹಿಂದೆ ನೀಲಿ ಡ್ರಮ್ಮುಗಳಿದ್ದವು. ಒಂದರ ಬಾಯಿಗೆ ಕೊಳವೆ ಹಾಕಿ ಫಿಟ್ಟರು ಹಸಿರು ದ್ರವವನ್ನು ಯಂತ್ರಕ್ಕೆ ತುಂಬುತ್ತಿದ್ದ.

ತುಂಬಿದ್ದೀರಲ್ಲ, ಮತ್ತೇಕೆ ತುಂಬುತ್ತೀರಿ ಎಂದು ಕೇಳಿದೆ. ಗಡಿಯಾರದಂಥ ಮುಳ್ಳು ಇಳಿಯುತ್ತದೆ, ಒತ್ತಡ ಕಡಿಮೆಯಾಗುತ್ತದೆ, ಆಗ ತುಂಬುತ್ತೇವೆ ಎಂದ ಫಿಟ್ಟರು. ಭೂಪಾಲಣ್ಣ ನಕ್ಕ.

"ಭೂಮಿತಾಯಿಗೆ ನೀರಡಿಕಿ ಭಾಳ ಐತ್ರಿ ಪ್ರೊಫೆಸರ್ ಸಾಹೇಬರ."

ಹಿಂದೆಯೇ ದೊಡ್ಡವ್ವನ ಬಾವಿ. ಲೆನ್ನಾರ್ಟನ ಮನೆಯಲ್ಲಿ ಎರಡು ಮುಚ್ಚಳಗಳ ನಡುವೆ ಒಂದು ಅಂಗಳ, ಒಂದು ಏರು ಇದ್ದವು. ಇಲ್ಲಿ ಬೋರಿಗೂ ಬಾವಿಗೂ ನಡುವೆ ಒಂದು ಎಮ್ಮೆ ಕಟ್ಟಿತ್ತು. ಆ ಅಂತರವನ್ನು ಮಾತ್ರ ಇವನು ಅಳೆದುಕೊಂಡು ಬಂದಿರಲಿಲ್ಲ. ಯಂತ್ರದಲ್ಲಿ ಇಲ್ಲದ್ದು ಸ್ಯಾಂಪಲ್ಲಿನಲ್ಲಿ ಬರುವುದಿಲ್ಲ.

ಲಗ್ನದ ಮನೆ ಎಂಬುದನ್ನೂ ನೋಡದೆ ನಾನು ಕೂಗಾಡಿದೆ. ಅದು ವಿಷ, ಅದು ಸೋರುತ್ತಿದೆ, ಪಕ್ಕದಲ್ಲಿ ನಿನ್ನ ತಾಯಿ ಕುಡಿಯುವ ನೀರಿದೆ ಎಂದೆ. ಅವನು ಮೊದಲು ಮರಾಠಿಗೆ ಹೊರಳಿದ. ಕಾಹೀ ಹೋತ್ ನಾಹೀ, ಏನೂ ಆಗುವುದಿಲ್ಲ. ನಮ್ಮ ಸೀಮೆಯಲ್ಲಿ ಕನ್ನಡದವನಿರಲಿ, ಮರಾಠಿಯವನಿರಲಿ, ಅನಾಹುತಕ್ಕೆ ಮುಂಚೆ ಹೇಳುವ ಮಾತು ಇದೇ. ಪಂಚಗಂಗಾ ಹೊಳೆಯ ಮೇಲೆ ನೊರೆ ತೇಲಿದಾಗಲೂ ಇದನ್ನೇ ಹೇಳಿದ್ದರು, ಮೀನು ಬೋರಲಾಗಿ ತೇಲಿದಾಗಲೂ.

"ಸೆರಿ ಅಲ್ಲಲ್ಲ ಅದು," ಎಂದ ಆಮೇಲೆ. "ದಿನಾ ಗಾಡ್ಯಾಗ ಹಾಕ್ಕೊಂಡ ತಿರಗತೀವಿ. ಯಾರ್ ಸತ್ತಾರ?"

"ಗಾಡಿ ಕುಡಿತೈತಿ ಅಣ್ಣಾ. ದೊಡ್ಡವ್ವ ಕುಡ್ಯಾಂಗಿಲ್ಲ."

"ಆವಾಗನ ಹೇಳಬೇಕಿತ್ತು ನೀ."

"ಹೇಳೇನಿ. ಅಲ್ಲೇ, ಅಡಗಿ ಮನ್ಯಾಗ. ಲೆನ್ನಾರ್ಟನ ಬಾಯಿಂದನ ಕೇಳಿ ನಿನಗ ಹೇಳೇನಿ."

ಅಲ್ಲಿಂದ ಶುರುವಾಯಿತು, ಬ್ರೆಡ್ಡೋ ಆಲೂಗಡ್ಡೆಯೋ ಎಂಬ ಜಗಳ. ನೆಲದಡಿಯಲ್ಲಿ ಅದು ಸೋರುತ್ತಿರುವಾಗ ಮೇಲೆ ನಾವಿಬ್ಬರು ಅಣ್ಣತಮ್ಮಂದಿರು ಸ್ವೀಡನ್ನಿನ ತಿಂಡಿಯ ಬಗ್ಗೆ ಕಾದಾಡುತ್ತಿದ್ದೆವು. ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೆ?

ಕೊಲ್ಲಾಪುರ

ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿ ಕೊಲ್ಲಾಪುರದ ಒಂದು ಪರೀಕ್ಷಾಲಯಕ್ಕೆ ಒಯ್ದೆ. ಉಪ್ಪು ನೋಡಿದರು, ಗಡಸು ನೋಡಿದರು, ರೋಗಾಣು ನೋಡಿದರು. ಕುಡಿಯಲು ಯೋಗ್ಯ ಎಂದರು. ಗ್ಲೈಕಾಲ್ ನೋಡಿದಿರಾ ಎಂದೆ. ಅದನ್ನು ನಾವು ನೋಡುವುದಿಲ್ಲ ಎಂದರು. ನೋಡದೇ ಯೋಗ್ಯ ಎಂದಿರಲ್ಲ ಎಂದೆ. ನೋಡಿದ್ದರ ಮಟ್ಟಿಗೆ ಯೋಗ್ಯ ಎಂದರು. ಅದನ್ನು ನೋಡುವವರು ಪುಣೆಯಲ್ಲೋ ಮುಂಬಯಿಯಲ್ಲೋ ಇದ್ದಾರೆ ಎಂದು ಹೇಳಿದರು. ಇನ್ನೊಂದು ಬಾಟಲಿ ಪುಣೆಗೆ ಹೋಗಿದೆ. ಉತ್ತರ ಬಂದಿಲ್ಲ.

ಲೆನ್ನಾರ್ಟನಿಗೂ ಫೋನಿನಲ್ಲಿ ಸಂದೇಶ ಹಾಕಿದೆ. ಆ ಬೆಳಿಗ್ಗೆ ನೀನು ಹೀಗೆ ಹೇಳಿದ್ದು ನಿಜವಷ್ಟೆ ಎಂದು ಕೇಳಿದೆ. ಆ ಬೆಳಿಗ್ಗೆ ನೆನಪಿಲ್ಲವಂತೆ. ನಿನ್ನ ಅಣ್ಣ ಹಿಮದಲ್ಲಿ ಲೋಟ ಹಿಡಿದು ಹೋದದ್ದು ನೆನಪಿದೆಯಂತೆ, ಬ್ರಿಟಾ ಬಂದವರಿಗೆಲ್ಲ ಅದನ್ನು ಹೇಳುತ್ತಾಳಂತೆ. ಕೊನೆಯಲ್ಲಿ ಒಂದು ಪ್ರಶ್ನೆ: ಅಷ್ಟು ಬಿಸಿಲಿನ ಊರಲ್ಲಿ ಅದನ್ನು ಏಕೆ ಹಾಕಿದಿರಿ?

ಅದನ್ನು ಭೂಪಾಲಣ್ಣನಿಗೆ ತೋರಿಸಿದೆ. ನನ್ನ ಮಾತಿಗೆ ಬಗ್ಗದವನು ಸ್ಯಾಂಪಲ್ಲಿನ ಮಾಲೀಕನೇ ಕೇಳಿದ್ದಕ್ಕೆ ಬಗ್ಗಿದ. ಬೋರಿನ ಕೊಳವೆಯಿಂದ ಹಸಿರು ದ್ರವವನ್ನೆಲ್ಲ ಪಂಪು ಹಚ್ಚಿ ಹೊರಗೆ ತೆಗೆಸಿದ. ಸೋರುವ ಆ ಕೊಳವೆಯನ್ನು ಮುಚ್ಚಿಸಿ, ರಸ್ತೆಯ ಆಚೆ ಬದಿಗೆ ಹೊಸ ಬೋರು ಕೊರೆಸಿ, ಬರೀ ನೀರು ತುಂಬಿಸಿದ.

ಕಾರ್ಯಾಲಯ ಮೊದಲಿನಷ್ಟೇ ತಂಪಾಗಿದೆ. ಬಿಸಿನೀರು ಮೊದಲಿನಷ್ಟೇ ಬಿಸಿಯಾಗಿದೆ. ಬೀಗರು ಈಗಲೂ ಬಾಗಿಲಲ್ಲಿ ಆಹಾ ಎನ್ನುತ್ತಾರೆ. ಆ ದ್ರವಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಬೆಸುಗೆಯ ಗಂಟಿನ ಹಾಗೆ ಬಂದಿತ್ತು.

ತೆಗೆದ ದ್ರವ ತಿರುಗಿ ಡ್ರಮ್ಮುಗಳಿಗೆ ಹೋಯಿತು. ಕೊಳವೆಗೆ ಸುರಿದಷ್ಟು ತಿರುಗಿ ಬರಲಿಲ್ಲ, ಕೆಲವು ಡ್ರಮ್ಮು ಖಾಲಿ ಉಳಿದವು. ತುಂಬಿದವು ಈಗ ಇಚಲಕರಂಜಿಯ ಕಾರ್ಖಾನೆಯ ಹಿಂದೆ ನಿಂತಿವೆ. ಎಲ್ಲಿಗೆ ಕಳಿಸಬೇಕೆಂದು ಮಾರಿದವನಿಗೂ ಗೊತ್ತಿಲ್ಲ. ಖಾಲಿಯಾದದ್ದನ್ನು ಕೊಡಿ, ನೀರು ತುಂಬಿಡಲು ಬೇಕು ಎಂದು ಪಕ್ಕದ ಮನೆಯವರು ಕೇಳಿಕೊಂಡು ಬಂದಿದ್ದರಂತೆ. ಭೂಪಾಲಣ್ಣ ಅವರ ಎದುರಿಗೇ ಆ ಡ್ರಮ್ಮುಗಳನ್ನು ಕೊಯ್ಯಿಸಿದ. ಅಷ್ಟಾದರೂ ಮಾಡಿದ.

ನೂಲ, ಬಾವಿಯ ಕಟ್ಟೆ

ದೊಡ್ಡವ್ವನಿಗೆ ವಿಷಯ ಹೇಳಲು ಇಬ್ಬರೂ ಹೋದೆವು. ಅವಳು ಕಟ್ಟೆಯ ಮೇಲೆ ಕೂತು ಸೋಸುಬಟ್ಟೆ ಹಿಂಡುತ್ತಿದ್ದಳು. ನಾನೇ ಹೇಳಿದೆ. ಪುಣೆಯ ಉತ್ತರ ಬರುವವರೆಗೆ ಈ ನೀರು ಬೇಡ, ಎಮ್ಮೆಗೂ ಬೇಡ. ಆಚೆ ಹೊಲದವರ ಬೋರಿನಿಂದ ತರಿಸೋಣ.

ಅವಳು ಮಗನ ಕಡೆ ನೋಡಿದಳು.

"ಪರದೇಶಕ್ಕ ಹೋಗಿ ಇದನ್ನ ಕಲತ ಬಂದಿ ಏನಪಾ?"

ಅವನು ನೆಲ ನೋಡಿದ. "ತಪ್ಪಾತ ಯವ್ವಾ," ಎಂದ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಬೋರಿನ ನೀರು ಸೋಸಿ ಉಳಿದದ್ದನ್ನು ಎಲ್ಲಿಗೆ ಬಿಡಲಿ, ಬೋರಿನೊಳಗೆ ತಂಬಿಗೆ ಇಳಿಯುತ್ತದೆಯೇ ಎಂದು ಕೇಳಿದಳು. ಆಮೇಲೆ ಬಾವಿಯೊಳಗೆ ಬಗ್ಗಿದಳು.

"ನಾವ್ ಕುಡ್ಯೂದ ಬಿಟ್ವಿ, ಆತು. ಇದರಾಗ ಇದ್ದಾವಲ್ಲ, ಅವು ಏನ್ ಕುಡೀಬೇಕು?"

ಜೀವಮಾನವಿಡೀ ಅವಳು ಒಂದೊಂದು ತಂಬಿಗೆಯಲ್ಲಿ ಇಳಿಸಿ ಬಿಟ್ಟ ಜೀವಗಳು ಅವು. ಭೂಪಾಲಣ್ಣನೂ ಬಗ್ಗಿ ನೋಡಿದ, ನಾನೂ ಬಗ್ಗಿದೆ. ನೀರು ಎಂದಿನ ಹಾಗೆಯೇ ಇತ್ತು. ಹಸಿರು ಇರಲಿಲ್ಲ, ವಾಸನೆ ಇರಲಿಲ್ಲ. ಲೆನ್ನಾರ್ಟ್ ಆ ಮಾತು ಹೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಡ್ರಮ್ಮಿಗೆ ತಿರುಗಿ ಬರದ ದ್ರವ ಬಂಡೆಯ ಸಂದಿಯಲ್ಲಿ ನಿಂತಿದೆಯೋ, ಮಣ್ಣಿನಲ್ಲಿ ಕರಗಿ ಮುಗಿದಿದೆಯೋ, ಈ ನೀರಿನಲ್ಲೇ ಇದೆಯೋ ಗೊತ್ತಿಲ್ಲ. ದೊಡ್ಡವ್ವ ಕೇಳಿದ್ದಕ್ಕೂ ಅದನ್ನೇ ಹೇಳಿದೆ: ಗೊತ್ತಿಲ್ಲ.